ಮರ ಬಿದ್ದಾಗ ಬೈಕ್ ನಿಲ್ಸಿದ್ದೆ: ಇಂಗ್ಲಿಷಲ್ಲಿ ಒಂದು ವಾಕ್ಯಕ್ಕೆ ಎರಡು ಟೆನ್ಸ್ ಜೋಡಿಸೋ ಕಷ್ಟ

ನಮ್ದು ಶಿವಮೊಗ್ಗದಲ್ಲೊಂದು ಸಣ್ಣ ಜೆರಾಕ್ಸ್ ಅಂಗಡಿ. ಜೆರಾಕ್ಸಿಗಿಂತ ಜಾಸ್ತಿ ನಡೆಯೋದು ಟೈಪಿಂಗು, ‘ಅಕ್ಕಾ ಒಂದು ಲೆಟರ್ ಇಂಗ್ಲಿಷಲ್ಲಿ ಮಾಡ್ಕೊಡಿ’ ಅಂತ ದಿನಕ್ಕೆ ನಾಲ್ಕೈದು ಜನ ಆದ್ರೂ ಬರ್ತಾರೆ, ರಜಾ ಅರ್ಜಿ, ಬ್ಯಾಂಕಿಗೆ ಪತ್ರ, ಇನ್ಶೂರೆನ್ಸ್ ಕ್ಲೇಮು, ಕೆಲಸಕ್ಕೆ ಅಪ್ಲಿಕೇಶನ್ನು. ಅವ್ರು ಕನ್ನಡದಲ್ಲಿ ಹೇಳ್ತಾ ಹೋಗ್ತಾರೆ, ನಾನು ಇಂಗ್ಲಿಷಲ್ಲಿ ಕುಟ್ತಾ ಹೋಗ್ತೀನಿ. ಅಂಗಡಿ ಹಾಕಿದ ಮೊದಲ್ನೇ ವರ್ಷ, ಮಳೆಗಾಲ, ಹೊಸನಗರ ಕಡೆಯ ಗೌಡ್ರೊಬ್ರು ಬಂದ್ರು, ಅವ್ರ ಬೈಕ್ ಮೇಲೆ ಮರ ಬಿದ್ದಿತ್ತು. ‘ಮರ ಬಿದ್ದಾಗ ಬೈಕ್ ಅದರ ಕೆಳಗೆ ನಿಲ್ಸಿದ್ದೆ ಕಣಮ್ಮ, ಅಷ್ಟು ಬರಿ ಸಾಕು’ ಅಂದ್ರು. ನಾನು ಬರೆದೆ: ‘ವೆನ್ ದ ಟ್ರೀ ಫೆಲ್, ಐ ಪಾರ್ಕ್ಡ್ ಮೈ ಬೈಕ್ ಅಂಡರ್ ಇಟ್.’ ಹದಿನೈದು ದಿನ ಬಿಟ್ಟು ಇನ್ಶೂರೆನ್ಸ್‌ನೋರ ಕಡೆಯಿಂದ ಪತ್ರ ಬಂತು, ಮರ ಬಿದ್ದ ಮೇಲೆ ಅದರ ಕೆಳಗೆ ಬೈಕ್ ಯಾಕೆ ನಿಲ್ಲಿಸಿದ್ರಿ, ವಿವರಣೆ ಕೊಡಿ ಅಂತ.

ಗೌಡ್ರು ಆ ಪತ್ರ ಕೌಂಟರ್ ಮೇಲಿಟ್ಟು ‘ಎಂತ ಬರ್ದಿದೀಯ ಮಾರಾಯ್ತಿ’ ಅಂದ್ರು. ಕೊಡೆಯಿಂದ ನೀರು ಆ ಕಾಗದದ ಮೇಲೇ ತೊಟ್ಟಿಕ್ತಾ ಇತ್ತು, ನಂಗೆ ಅದನ್ನ ಒರೆಸೋಕೂ ಕೈ ಬರ್ಲಿಲ್ಲ.

ತಪ್ಪು ಎಲ್ಲಾಯ್ತು ಅಂದ್ರೆ, ಅವ್ರು ಹೇಳಿದ್ದು ‘ನಿಲ್ಸಿದ್ದೆ’, ನಾನು ಬರೆದಿದ್ದು ‘ನಿಲ್ಸಿದೆ’. ಒಂದು ದಕಾರದ ಒತ್ತು ಬಿಟ್ಟೋಯ್ತು ಅಷ್ಟೇ. ‘ನಿಲ್ಸಿದ್ದೆ’ ಅಂದ್ರೆ ‘ನಿಲ್ಲಿಸಿ ಇದ್ದೆ’, ಆ ಕೆಲಸ ಮೊದ್ಲೇ ಮುಗಿದಿತ್ತು, ಆಮೇಲೆ ಮರ ಬಿತ್ತು. ಇಂಗ್ಲಿಷಲ್ಲಿ ಆ ಒತ್ತಿನ ಕೆಲಸ ಮಾಡೋದು ‘ಹ್ಯಾಡ್’. ‘ಐ ಹ್ಯಾಡ್ ಪಾರ್ಕ್ಡ್ ಮೈ ಬೈಕ್ ಅಂಡರ್ ಅ ಟ್ರೀ, ಅಂಡ್ ದ ಟ್ರೀ ಫೆಲ್ ಆನ್ ಇಟ್’ ಅಂತ ಬರೆದಿದ್ರೆ ಯಾರೂ ಏನೂ ಕೇಳ್ತಿರ್ಲಿಲ್ಲ. ಆಮೇಲೆ ಹಂಗೇ ತಿದ್ದಿ ಕಳ್ಸಿದ್ವಿ, ದುಡ್ಡೂ ಬಂತು, ಪೂರ್ತಿ ಅಲ್ಲ, ಅದು ಬೇರೆ ಕಥೆ.

‘ವೆನ್’ ಹಾಕಿ ಎರಡೂ ಕಡೆ ಸಾದಾ ಪಾಸ್ಟ್ ಟೆನ್ಸ್ ಇಟ್ರೆ ಓದೋರು ಸಾಮಾನ್ಯವಾಗಿ ‘ಇದಾದ್ಮೇಲೆ ಅದಾಯ್ತು’ ಅಂತಾನೇ ಓದ್ಕೋತಾರೆ. ಬಸ್ ಸ್ಟ್ಯಾಂಡ್ ಉದಾಹರಣೆನೇ ತಗೊಳಿ. ‘ವೆನ್ ದ ಬಸ್ ಕೇಮ್, ಐ ಡ್ರ್ಯಾಂಕ್ ಕಾಫಿ’ ಅಂದ್ರೆ ಬಸ್ ಬಂತು, ಆಮೇಲೆ ನಾನು ಕಾಫಿಗೆ ಹೋದೆ, ಬಹುಶಃ ಬಸ್ಸೂ ಹೋಯ್ತು. ‘ಐ ವಾಸ್ ಡ್ರಿಂಕಿಂಗ್ ಕಾಫಿ’ ಅಂದ್ರೆ ಲೋಟ ಕೈಯಲ್ಲಿದೆ, ಅರ್ಧ ಬಿಟ್ಟು ಓಡ್ಬೇಕು. ‘ಐ ಹ್ಯಾಡ್ ಡ್ರಂಕ್ ಕಾಫಿ’ ಅಂದ್ರೆ ಕುಡಿದಾಗಿದೆ, ಬಾಯಿ ಒರೆಸ್ಕೊಂಡು ನಿಂತಿದೀನಿ. ನಮ್ಮಲ್ಲೂ ಅದೇ ಮೂರು ಇದೆ ನೋಡಿ: ಬಸ್ ಬಂದಾಗ ಕಾಫಿ ಕುಡಿದೆ, ಕುಡೀತಿದ್ದೆ, ಕುಡಿದಿದ್ದೆ. ಅಂದ್ರೆ ನಮ್ಗೆ ಈ ವ್ಯತ್ಯಾಸ ಗೊತ್ತಿಲ್ದೇ ಇಲ್ಲ, ಹುಟ್ಟಿದಾಗಿಂದ ಬಳಸ್ತಾನೇ ಇದೀವಿ, ಇಂಗ್ಲಿಷ್ ಅಂದ ತಕ್ಷಣ ಕೈ ಜಾರುತ್ತೆ.

ಸ್ಕೂಲಲ್ಲಿ ನಮ್ಗೆ ಹನ್ನೆರಡು ಟೆನ್ಸ್‌ದು ಒಂದು ಚಾರ್ಟ್ ಕೊಟ್ಟಿದ್ರು, ನಿಮ್ಗೂ ಕೊಟ್ಟಿರ್ತಾರೆ, ‘ಐ ಗೋ, ಐ ಆಮ್ ಗೋಯಿಂಗ್, ಐ ಹ್ಯಾವ್ ಗಾನ್’ ಅಂತ ಮಗ್ಗಿ ಥರ ಬಾಯಿಪಾಠ. ನನ್ನ ಪ್ರಕಾರ ಆ ಚಾರ್ಟಿನ ದೊಡ್ಡ ತೊಂದರೆ ಏನಂದ್ರೆ ಅದ್ರಲ್ಲಿ ಒಂದೊಂದು ಟೆನ್ಸೂ ಒಂಟಿಯಾಗಿ ಡಬ್ಬಿಯೊಳಗೆ ಕೂತಿರುತ್ತೆ. ನಿಜವಾದ ಮಾತಲ್ಲಿ ಯಾರೂ ಒಂದೇ ಕ್ರಿಯಾಪದ ಹೇಳಿ ಸುಮ್ನಾಗಲ್ಲ, ಅವನು ಹಿಂಗಂದ, ಆಗ ನಾನು ಹಂಗ್ ಮಾಡ್ತಿದ್ದೆ, ಅದಕ್ಕೂ ಮುಂಚೆ ಇವ್ರು ಬಂದು ಹೋಗಿದ್ರು, ಮುಂದೆ ಏನಾಗುತ್ತೋ ಅಂತ ಎಳ್ಕೊಂಡು ಹೋಗ್ತೀವಿ. ಜೋಡಿಸೋದನ್ನ ಚಾರ್ಟ್ ಹೇಳ್ಕೊಡಲ್ಲ. ಜೋಡಿಸೋಕೆ ಬೇಕಾಗಿರೋದು ಒಂದೇ ಪ್ರಶ್ನೆ, ಈ ವಾಕ್ಯ ಹೇಳೋವಾಗ ನಾನು ಯಾವ ಹೊತ್ತಲ್ಲಿ ನಿಂತು ನೋಡ್ತಿದೀನಿ? ಇಂಗ್ಲಿಷ್ ಆ ಜಾಗ ಬಿಟ್ಟು ಕದಲೋದು ಕಮ್ಮಿ. ಕನ್ನಡ ಹಂಗಲ್ಲ, ಆರಾಮಾಗಿ ಇನ್ನೊಬ್ರ ಹೊತ್ತಿಗೆ ಹೋಗಿ ಕೂತ್ಬಿಡುತ್ತೆ. ಬಸ್ಸು ಇನ್ನೂ ತಿರುವಲ್ಲಿದ್ರೂ ‘ಬಂತು ಬಂತು’ ಅಂತೀವಿ, ಅಡಿಗೆಮನೆಯಿಂದ ಕದಲದೇನೇ ‘ಬಂದೇ ಬಂದೇ’ ಅಂತೀವಿ.

ಆಯ್ತು, ‘ದ್ದೆ’ ಬಂದ ಕಡೆಯೆಲ್ಲ ಹ್ಯಾಡ್ ಹಾಕೋಣ ಅಂದ್ಕೊಂಡ್ರೆ ಅಲ್ಲಿ ಇನ್ನೊಂದು ಗುಂಡಿ ಇದೆ. ಗೌಡ್ರ ಪ್ರಕರಣ ಆದ್ಮೇಲೆ ನಾನೇ ಬಿದ್ದೆ ಅದ್ರಲ್ಲಿ, ಒಂದು ಆರು ತಿಂಗಳು ಎಲ್ಲಾ ಕಡೆ ಹ್ಯಾಡ್ ಹ್ಯಾಡ್ ಹ್ಯಾಡ್. ‘ನಿನ್ನೆ ಸಾಗರಕ್ಕೆ ಹೋಗಿದ್ದೆ’ ಅನ್ನೋದನ್ನ ನಾವು ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಸಾಗರ’ ಅಂತೀವಿ, ಶಿವಮೊಗ್ಗದಿಂದ ಬೆಂಗಳೂರುವರೆಗೂ ಆಫೀಸುಗಳಲ್ಲಿ ಇದೇ ಇಂಗ್ಲಿಷ್. ನಮ್ಮ ‘ಹೋಗಿದ್ದೆ’ ಒಳಗೆ ಇನ್ನೊಂದು ಅರ್ಥ ಇದೆ, ಹೋದೆ ಮತ್ತೆ ವಾಪಸ್ ಬಂದಾಯ್ತು, ಈಗ ಅಲ್ಲಿಲ್ಲ ಅನ್ನೋದು. ‘ಸಾಗರಕ್ಕೆ ಹೋದೆ’ ಅಂತ ಬರೀ ಅಷ್ಟೇ ಹೇಳಿದ್ರೆ ಕೇಳ್ದೋರು ‘ಆಮೇಲೆ?’ ಅಂತ ಕಾಯ್ತಾರೆ, ‘ಹೋಗಿದ್ದೆ’ ಅಂದ್ರೆ ವಿಷಯ ಮುಗೀತು. ಇಂಗ್ಲಿಷಿನ ಹ್ಯಾಡ್‌ಗೆ ಆ ‘ಬಂದಾಯ್ತು’ ಅನ್ನೋ ಅರ್ಥ ಇಲ್ಲ. ಅದಕ್ಕೆ ಗೊತ್ತಿರೋದು ಒಂದೇ, ಹಳೇ ಘಟನೆಗಿಂತ ಇನ್ನೂ ಹಳೇದು. ‘ಐ ಹ್ಯಾಡ್ ಗಾನ್ ಟು ಸಾಗರ’ ಅಂತ ನಿಲ್ಲಿಸಿದ್ರೆ ಇಂಗ್ಲಿಷಿನೋನು ಮುಂದಿನ ಘಟನೆಗೆ ಕಾಯ್ತಾ ಕೂರ್ತಾನೆ, ಹೋಗಿದ್ದಿ ಸರಿ, ಆಗ ಏನಾಯ್ತು ಅಂತ. ಅದಕ್ಕೇ ಒಂಟಿ ಘಟನೆ ಆದ್ರೆ ‘ಐ ವೆಂಟ್ ಟು ಸಾಗರ ಯೆಸ್ಟರ್‌ಡೇ’. ಎರಡು ಹಳೇ ಘಟನೆ ಇದ್ದು, ಅದ್ರಲ್ಲಿ ಯಾವ್ದು ಮೊದ್ಲು ಅಂತ ತಿಳಿಸ್ಬೇಕಾದಾಗ ಮಾತ್ರ ಹಳೇದಕ್ಕೆ ಹ್ಯಾಡ್.

ನಮ್ಮ ಕಡೆದೇ ಒಂದು ಒಳ್ಳೆ ಉದಾಹರಣೆ ಇದೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಡ್ಯಾಂ ಬಂತು. ಅದಕ್ಕೂ ಮುಂಚೆ ಅದೇ ಹೊಳೆಗೆ ಹಿರೇಭಾಸ್ಕರ ಅಂತ ಇನ್ನೊಂದು ಡ್ಯಾಂ ಇತ್ತು, ಮಡೆನೂರು ಡ್ಯಾಂ ಅಂತಾರೆ, ಜೋಗದ ಪವರ್ ಹೌಸಿಗೆ ನೀರು ಕೊಡ್ತಿದ್ದಿದ್ದು ಅದೇ. ಹೊಸ ಡ್ಯಾಂ ನೀರಲ್ಲಿ ಹಳೇ ಡ್ಯಾಂ ಮುಳುಗೋಯ್ತು, ಬೇಸಿಗೆಲಿ ನೀರು ತುಂಬಾ ಇಳಿದ್ರೆ ಈಗಲೂ ಮೇಲೆ ಕಾಣುತ್ತೆ. ಇದನ್ನ ಇಂಗ್ಲಿಷಲ್ಲಿ ಹೇಳಿ ನೋಡಿ: ‘ವೆನ್ ಲಿಂಗನಮಕ್ಕಿ ಡ್ಯಾಮ್ ಕೇಮ್ ಅಪ್ ಇನ್ 1964, ದ ಓಲ್ಡ್ ಡ್ಯಾಮ್ ವೆಂಟ್ ಅಂಡರ್ ವಾಟರ್. ಇಟ್ ಹ್ಯಾಡ್ ಸಪ್ಲೈಡ್ ವಾಟರ್ ಟು ದ ಪವರ್ ಹೌಸ್ ಟಿಲ್ ದೆನ್.’ ಕೇಮ್ ಅಪ್, ವೆಂಟ್ ಅಂಡರ್, ಇವೆರಡೂ ನಾವು ನಿಂತಿರೋ 1964. ಅಲ್ಲಿಂದ ಇನ್ನೂ ಹಿಂದಕ್ಕೆ ತಿರುಗಿ ನೋಡಿದ್ದಕ್ಕೆ ಹ್ಯಾಡ್ ಸಪ್ಲೈಡ್. ಆಮೇಲೆ ‘ಈಗಲೂ ಕಾಣುತ್ತೆ’ ಅನ್ನೋದು ಇವತ್ತಿನ ಮಾತು, ಅಲ್ಲಿ ‘ಯು ಕ್ಯಾನ್ ಸ್ಟಿಲ್ ಸೀ ಇಟ್’. ಒಂದೇ ಪ್ಯಾರಾದಲ್ಲಿ ಮೂರು ಹೊತ್ತು ಬಂತು, ಮೂರಕ್ಕೂ ಕಾರಣ ಇದೆ. ಟೆನ್ಸ್ ಬದಲಾಯಿಸ್ಲೇಬಾರ್ದು ಅಂತ ಕೆಲವ್ರು ಹೆದರ್ಸಿರ್ತಾರಲ್ಲ, ಅದು ಸುಳ್ಳು, ಕಾರಣ ಇಲ್ದೇ ಬದಲಾಯಿಸ್ಬಾರ್ದು ಅಷ್ಟೇ.

‘ಬಿಫೋರ್’, ‘ಆಫ್ಟರ್’ ಇದ್ದಾಗ ಯಾವ್ದು ಮೊದ್ಲು ಅಂತ ಆ ಪದಾನೇ ಹೇಳ್ಬಿಡುತ್ತಲ್ಲ, ಹಾಗಾಗಿ ಹ್ಯಾಡ್ ಇಲ್ದಿದ್ರೂ ನಡೆಯುತ್ತೆ. ಕುವೆಂಪು ಅವ್ರು ಕನ್ನಡದಲ್ಲಿ ಬರೆಯೋಕೆ ಮುಂಚೆ ಇಂಗ್ಲಿಷಲ್ಲಿ ಕವಿತೆ ಬರೀತಿದ್ರು, ‘ಬಿಫೋರ್ ಕುವೆಂಪು ರೋಟ್ ಇನ್ ಕನ್ನಡ, ಹಿ ರೋಟ್ ಇನ್ ಇಂಗ್ಲಿಷ್’, ಸಾಕು, ಗೊಂದಲ ಇಲ್ಲ. ಆದ್ರೆ ಆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಇವ್ರಿಗೆ ಕನ್ನಡದಲ್ಲಿ ಬರೀರಿ ಅಂತ ಬುದ್ಧಿ ಹೇಳಿದ್ರಲ್ಲ, ಅದನ್ನ ಸೇರಿಸಿದ್ರೆ ‘ಕುವೆಂಪು ಹ್ಯಾಡ್ ಬೀನ್ ರೈಟಿಂಗ್ ಇನ್ ಇಂಗ್ಲಿಷ್ ವೆನ್ ಕಸಿನ್ಸ್ ಟೋಲ್ಡ್ ಹಿಮ್ ಟು ರೈಟ್ ಇನ್ ಕನ್ನಡ’. ಆವತ್ತಿನವರೆಗೂ ನಡ್ಕೊಂಡು ಬಂದಿತ್ತು ಅನ್ನೋಕೆ ಹ್ಯಾಡ್ ಬೀನ್. (ತೀರ್ಥಹಳ್ಳಿ ಕಾಡಿನ ಹುಡುಗ ಇಂಗ್ಲಿಷಲ್ಲಿ ಶುರು ಮಾಡಿದ್ದು, ಕನ್ನಡದಲ್ಲಿ ಬರಿ ಅಂದಿದ್ದು ಐರ್ಲೆಂಡಿನೋರು. ನೆನೆಸ್ಕೊಂಡಾಗೆಲ್ಲ ನಗು ಬರುತ್ತೆ ನಂಗೆ.) ಹಾಗೇ ಇನ್ನೊಂದು, ಪ್ರಬಂಧ ಟೈಪ್ ಮಾಡ್ಸೋಕೆ ಬರೋ ಮಕ್ಳು ‘ಕುವೆಂಪು ಹ್ಯಾಸ್ ಬಾರ್ನ್ ಇನ್ 1904’ ಅಂತ ಬರ್ಕೊಂಡು ಬರ್ತಾರೆ. ‘ವಾಸ್ ಬಾರ್ನ್’. ಇಸವಿ, ‘ಯೆಸ್ಟರ್‌ಡೇ’, ‘ಲಾಸ್ಟ್ ವೀಕ್’ ಅಂತ ಮುಗಿದ ಹೊತ್ತಿನ ಹೆಸರು ಬಂದ್ರೆ ಹ್ಯಾವ್, ಹ್ಯಾಸ್ ಅದರ ಹತ್ರ ಸುಳಿಯಲ್ಲ. ನಾವು ‘ನಿನ್ನೆನೇ ದುಡ್ಡು ಕಟ್ಟಿದೀನಿ’ ಅಂತ ಧಾರಾಳವಾಗಿ ಹೇಳ್ತೀವಿ, ಅದಕ್ಕೇ ‘ಐ ಹ್ಯಾವ್ ಪೇಯ್ಡ್ ಯೆಸ್ಟರ್‌ಡೇ’ ಬರುತ್ತೆ. ಒಂದೋ ‘ಐ ಪೇಯ್ಡ್ ಯೆಸ್ಟರ್‌ಡೇ’, ಇಲ್ಲಾಂದ್ರೆ ಯೆಸ್ಟರ್‌ಡೇ ಬಿಟ್ಟು ‘ಐ ಹ್ಯಾವ್ ಪೇಯ್ಡ್’.

ಈಗ ಎಲ್ಲಕ್ಕಿಂತ ದೊಡ್ಡದು, ನಮ್ಮ ‘ಅಂತ’.

ಮಗ ಬೆಂಗಳೂರಿಂದ ಫೋನ್ ಮಾಡಿ ‘ನಾಳೆ ಬರ್ತೀನಿ’ ಅಂದ ಅಂತಿಟ್ಕೊಳಿ. ಅವನು ಬರ್ಲಿಲ್ಲ. ಎರಡು ದಿನ ಬಿಟ್ಟು ಅಮ್ಮ ಪಕ್ಕದ್ಮನೆಯವ್ರ ಹತ್ರ ಗೊಣಗ್ತಾರೆ, ‘ನಾಳೆ ಬರ್ತೀನಿ ಅಂತ ಹೇಳ್ದ, ಬರ್ಲೇ ಇಲ್ಲ’. ನೋಡಿ, ಅವನ ಬಾಯಿಂದ ಬಂದ ಮಾತನ್ನ ಒಂದಕ್ಷರ ಅಲ್ಲಾಡಿಸದೆ ಎತ್ತಿಟ್ಟು ಹಿಂದಿಂದ ‘ಅಂತ’ ಅನ್ನೋ ಬಾಗಿಲು ಹಾಕಿದ್ರು. ಬಾಗಿಲ ಒಳಗೆ ಇನ್ನೂ ಅವತ್ತಿನ ದಿನಾನೇ, ಅವನ ‘ನಾಳೆ’, ಅವನ ‘ಬರ್ತೀನಿ’. ಆ ನಾಳೆ ಕಳೆದೋಗಿದೆ ಅನ್ನೋದು ಒಳಗಿರೋರಿಗೆ ಗೊತ್ತೇ ಇಲ್ಲ. ಇಂಗ್ಲಿಷಲ್ಲಿ ಹಂಗೆ ಬಾಗಿಲು ಹಾಕೋಕೆ ಬರಲ್ಲ. ‘ದಟ್’ ಇದೆ, ಆದ್ರೆ ಅದು ಬರೀ ಹೊಸ್ತಿಲು, ಹೊರಗಿನ ಗಾಳಿ ಒಳಗೂ ನುಗ್ಗುತ್ತೆ. ಹೊರಗೆ ‘ಸೆಡ್’ ಅಂತ ಪಾಸ್ಟ್ ಬಂದ್ರೆ ಒಳಗಿರೋ ಕ್ರಿಯಾಪದನೂ ಒಂದು ಮೆಟ್ಟಿಲು ಹಿಂದಕ್ಕೆ ಇಳಿಯುತ್ತೆ: ‘ಹಿ ಸೆಡ್ ದಟ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ.’ ‘ನಾನು’ ಹೋಗಿ ಹಿ ಆಯ್ತು, ವಿಲ್ ಹೋಗಿ ವುಡ್ ಆಯ್ತು, ನಾಳೆ ಹೋಗಿ ನೆಕ್ಸ್ಟ್ ಡೇ ಆಯ್ತು. ಮಾತು ಮಗಂದು, ಆದ್ರೆ ಹೇಳ್ತಿರೋಳು ಅಮ್ಮ, ಅಮ್ಮ ನಿಂತಿರೋ ಜಾಗದಿಂದಾನೇ ಎಲ್ಲ ಅಳೀಬೇಕು.

ನಮ್ಮೋರು ಬರೆಯೋದು ‘ಹಿ ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೋ’. ಇಂಗ್ಲಿಷ್ ಓದೋನಿಗೆ ಅದು ಅಮ್ಮನೇ ನಾಳೆ ಬರ್ತಾಳೆ ಅಂತ ಕೇಳುತ್ತೆ! ಟೆನ್ಸ್ ಒಂದೇ ಅಲ್ಲ, ಬರೋ ಆಸಾಮಿನೇ ಬದಲಾಗೋದ. ‘ಟೋಲ್ಡ್’ ಅಂದ್ರೆ ಯಾರಿಗೆ ಅಂತಾನೂ ಹೇಳ್ಬೇಕು, ‘ಟೋಲ್ಡ್ ಮಿ’, ಅದನ್ನೂ ಈ ಸಂದಿಲೇ ಹೇಳ್ಬಿಡ್ತೀನಿ.

ಬೇಜಾರು ಮಾಡ್ಕೋಬೇಡಿ, ಇದು ನಮ್ಗೊಬ್ರಿಗೇ ಬಂದ ಕಷ್ಟ ಅಲ್ಲ. ರಷ್ಯನ್, ಜಪಾನೀಸ್ ಭಾಷೆಲೂ ಒಳಗಿನ ಮಾತಿನ ಕಾಲ ಹಂಗೇ ಉಳಿಯುತ್ತೆ, ಅವ್ರೂ ಇಂಗ್ಲಿಷ್ ಕಲಿಯೋವಾಗ ಇಲ್ಲೇ ಒದ್ದಾಡ್ತಾರೆ. ಇಳಿಯೋ ಮೆಟ್ಟಿಲು ಏನು ಬಾಳ ಇಲ್ಲ. ವಿಲ್ ವುಡ್ ಆಗುತ್ತೆ, ಕ್ಯಾನ್ ಕುಡ್ ಆಗುತ್ತೆ, ಈಸ್ ವಾಸ್ ಆಗುತ್ತೆ, ಹ್ಯಾವ್ ಇದ್ದಿದ್ದೂ ಸಾದಾ ಪಾಸ್ಟ್ ಇದ್ದಿದ್ದೂ ಎರಡೂ ಹ್ಯಾಡ್‌ಗೆ ಇಳಿಯುತ್ತೆ. ‘ಅಡಿಕೆ ಮಾರಿದೀನಿ ಅಂದ’ ಅಂದ್ರೆ ‘ಹಿ ಸೆಡ್ ಹಿ ಹ್ಯಾಡ್ ಸೋಲ್ಡ್ ದ ಅರೆಕಾನಟ್’. ಹ್ಯಾಡ್ ಆಗ್ಲೇ ಇದ್ರೆ ಅದಕ್ಕಿಂತ ಕೆಳಗೆ ಮೆಟ್ಟಿಲಿಲ್ಲ, ಹಂಗೇ ಬಿಡೋದು. ಪ್ರಶ್ನೆಗೂ ಇದೇ, ‘ಎಲ್ಲಿದೀಯಾ ಅಂತ ಕೇಳ್ದ’, ‘ಹಿ ಆಸ್ಕ್ಡ್ ವೇರ್ ಐ ವಾಸ್’. ‘ವೇರ್ ವಾಸ್ ಐ’ ಅಲ್ಲ, ಪ್ರಶ್ನೆ ಅವನು ಕೇಳಿಯಾಗಿದೆ, ನಾವು ಮತ್ತೆ ಕೇಳ್ತಿಲ್ಲ, ಅದಕ್ಕೇ ಪದಗಳು ಸಾದಾ ವಾಕ್ಯದ ಸಾಲಲ್ಲೇ ನಿಲ್ಲುತ್ವೆ. ಮನಸ್ಸಿನ ಮಾತಿಗೂ ಇದೇ. ‘ನೀನು ಬರಲ್ಲ ಅಂದ್ಕೊಂಡಿದ್ದೆ’ ಅನ್ನೋದು ‘ಐ ಹ್ಯಾಡ್ ಥಾಟ್ ಯು ವಿಲ್ ನಾಟ್ ಕಮ್’ ಅಂತ ಬರ್ತಾ ಇರುತ್ತೆ, ಎರಡೂ ಕಡೆ ತಪ್ಪು ಮೆಟ್ಟಿಲು, ‘ಐ ಥಾಟ್ ಯು ವುಡ್ ನಾಟ್ ಕಮ್’ ಅಂದ್ರೆ ಮುಗೀತು.

ಇಳಿಸದೇ ಇರೋ ಜಾಗಗಳೂ ಇದಾವೆ. ಹೊರಗೆ ‘ಸೇಸ್’ ಅಂತ ಪ್ರೆಸೆಂಟ್ ಇದ್ರೆ ಇಳಿಯೋ ಮಾತೇ ಇಲ್ಲ, ‘ಹಿ ಸೇಸ್ ಹಿ ವಿಲ್ ಕಮ್’. ಆಮೇಲೆ ಇವತ್ತಿಗೂ ನಿಜ ಆಗಿರೋ ವಿಷಯ. ಜೋಗದಲ್ಲಿ ಗೈಡು ‘ಇದು 253 ಮೀಟರ್ ಎತ್ತರ’ ಅಂದ, ‘ದ ಗೈಡ್ ಸೆಡ್ ದಟ್ ಜೋಗ್ ಫಾಲ್ಸ್ ಈಸ್ 253 ಮೀಟರ್ಸ್ ಹೈ’. ಜಲಪಾತ ಎಲ್ಲೂ ಹೋಗಿಲ್ಲ, ಈಸ್ ಇರ್ಲಿ. ‘ವಾಸ್’ ಅಂದ್ರೂ ವ್ಯಾಕರಣದಲ್ಲಿ ತಪ್ಪಿಲ್ಲ. ಆದ್ರೆ ಹೇಳೋನಿಗೆ ಆ ಮಾತಿನ ಮೇಲೆ ನಂಬಿಕೆ ಇದ್ಯೋ ಇಲ್ವೋ ಅನ್ನೋದು ಕೆಲವು ಸಲ ಇಲ್ಲೇ ಗೊತ್ತಾಗುತ್ತೆ. ‘ಹಿ ಸೆಡ್ ಹಿ ಈಸ್ ಸಿಕ್’ ಅಂದ್ರೆ ಪಾಪ ಹುಷಾರಿಲ್ಲ. ‘ಹಿ ಸೆಡ್ ಹಿ ವಾಸ್ ಸಿಕ್’ ಅಂದ್ರೆ ಹುಷಾರಿಲ್ಲ ಅಂತ ಅಂದ, ಅಂದಿದ್ದು ಅವನು, ನಂದೇನಿಲ್ಲಪ್ಪ. ನಮ್ಮ ‘ಹುಷಾರಿಲ್ವಂತೆ’ಯ ‘ಅಂತೆ’ ಇದೆಯಲ್ಲ, ಅದಕ್ಕೆ ಇದು ಸ್ವಲ್ಪ ಹತ್ರ.

ಮುಂದೆ ಆಗೋ ವಿಷಯಕ್ಕೆ ಬಂದ್ರೆ ಅಲ್ಲಿ ತಪ್ಪು ಉಲ್ಟಾ. ‘ಮಳೆ ನಿಂತ್ಮೇಲೆ ಬರ್ತೀನಿ’. ಎರಡೂ ಇನ್ನು ಮುಂದೆ ಆಗೋದು, ಹಾಗಾಗಿ ಎರಡಕ್ಕೂ ವಿಲ್ ಹಾಕ್ತೀವಿ, ‘ಆಫ್ಟರ್ ದ ರೇನ್ ವಿಲ್ ಸ್ಟಾಪ್ ಐ ವಿಲ್ ಕಮ್’. ಇಂಗ್ಲಿಷಲ್ಲಿ ವೆನ್, ಆಫ್ಟರ್, ಬಿಫೋರ್, ಅಂಟಿಲ್, ಆಸ್ ಸೂನ್ ಆಸ್, ಇಫ್, ಇವುಗಳ ಮನೆಯೊಳಗೆ ವಿಲ್‌ಗೆ ಪ್ರವೇಶ ಇಲ್ಲ ಅಂತಿಟ್ಕೊಳಿ. ‘ಆಫ್ಟರ್ ದ ರೇನ್ ಸ್ಟಾಪ್ಸ್, ಐ ವಿಲ್ ಕಮ್.’ ಒಂದು ವಾಕ್ಯಕ್ಕೆ ಒಂದು ವಿಲ್ ಸಾಕು, ಅದೂ ಮುಖ್ಯ ಮಾತಿಗೆ. ನಮ್ಮಲ್ಲೂ ‘ನಿಂತ್ಮೇಲೆ’ ಅನ್ನೋದ್ರಲ್ಲಿ ಭವಿಷ್ಯ ಎಲ್ಲಿದೆ ಹೇಳಿ? ‘ನಿಂತ’ ಅನ್ನೋ ಭೂತಕಾಲದ ರೂಪ ಇಟ್ಕೊಂಡು ಇನ್ನೂ ನಿಲ್ಲದಿರೋ ಮಳೆ ಬಗ್ಗೆ ಮಾತಾಡ್ತಿದೀವಿ. ಆಗುಂಬೆ ಕಡೆಯೋರು ಜುಲೈನಲ್ಲಿ ಈ ವಾಕ್ಯ ಹೇಳೋದೇ ಇಲ್ಲ ಅನ್ನೋದು ಬೇರೆ ಮಾತು.

‘ರೆ’ ಪ್ರತ್ಯಯದಲ್ಲಿ ಇನ್ನೊಂದು ಮಜಾ ಇದೆ. ‘ಹೇಳಿದರೆ ಬರ್ತೀನಿ’, ‘ಹೇಳಿದ್ದರೆ ಬರ್ತಿದ್ದೆ’. ಬರೆಯೋವಾಗ ವ್ಯತ್ಯಾಸ ಕಾಣುತ್ತೆ, ಬಾಯಲ್ಲಿ ಎರಡೂ ‘ಹೇಳಿದ್ರೆ’ ಆಗೋಗುತ್ತೆ, ಯಾವ್ದು ಅಂತ ಅದಾದ್ಮೇಲೆ ಬರೋ ‘ಬರ್ತೀನಿ’, ‘ಬರ್ತಿದ್ದೆ’ ನೋಡಿ ತಿಳ್ಕೋಬೇಕು. ಮೊದಲ್ನೇದು ಸುಲಭ, ‘ಇಫ್ ಯು ಟೆಲ್ ಮಿ, ಐ ವಿಲ್ ಕಮ್’. ಎರಡನೇದು ಮದುವೆಗೆ ಕರೀಲಿಲ್ಲ ಅಂತ ಸಿಟ್ಟು ಮಾಡ್ಕೊಂಡ ಮಾವ ಹೇಳೋದು. ಅದನ್ನ ಪದಕ್ಕೆ ಪದ ಇಟ್ರೆ ‘ಇಫ್ ಯು ಟೋಲ್ಡ್, ಐ ವಾಸ್ ಕಮಿಂಗ್’ ಆಗುತ್ತೆ, ಯಾಕಂದ್ರೆ ನಮ್ಮ ‘ಬರ್ತಿದ್ದೆ’ಗೆ ಎರಡು ಕೆಲಸ, ನಿಜವಾಗ್ಲೂ ಬರ್ತಾ ಇದ್ದಿದ್ದಕ್ಕೂ ಅದೇ, ಬರಬಹುದಿತ್ತು ಆದ್ರೆ ಬರ್ಲಿಲ್ಲ ಅನ್ನೋದಕ್ಕೂ ಅದೇ. ಇಂಗ್ಲಿಷ್ ಇವೆರಡನ್ನ ಬೇರೆ ಬೇರೆ ಇಟ್ಟಿದೆ. ಆಗದೇ ಹೋಗಿದ್ದಕ್ಕೆ ಇಫ್ ಕಡೆ ಹ್ಯಾಡ್, ಆ ಕಡೆ ವುಡ್ ಹ್ಯಾವ್. ‘ಇಫ್ ಯು ಹ್ಯಾಡ್ ಟೋಲ್ಡ್ ಮಿ, ಐ ವುಡ್ ಹ್ಯಾವ್ ಕಮ್.’ ಇಫ್ ಕಡೆಗೂ ವುಡ್ ತುರುಕಿ ‘ಇಫ್ ಯು ವುಡ್ ಹ್ಯಾವ್ ಟೋಲ್ಡ್’ ಅನ್ನೋರು ಬಾಳ ಜನ ಇದಾರೆ, ಬರವಣಿಗೆಲಿ ಬೇಡ. ಅಡಿಕೆಗೆ ಕೊಳೆ ರೋಗ ಬಂದ ವರ್ಷ ನಮ್ಮಪ್ಪ ದಿನಾ ಹೇಳ್ತಿದ್ದಿದ್ದು, ‘ಮಳೆಗೆ ಮುಂಚೆ ಬೋರ್ಡೋ ಔಷಧಿ ಹೊಡ್ದಿದ್ರೆ ಫಸಲು ಉಳೀತಿತ್ತು’: ‘ಇಫ್ ವಿ ಹ್ಯಾಡ್ ಸ್ಪ್ರೇಡ್ ಬಿಫೋರ್ ದ ರೇನ್ಸ್, ದ ಕ್ರಾಪ್ ವುಡ್ ಹ್ಯಾವ್ ಸರ್ವೈವ್ಡ್.’ ಹೊಡೀಲಿಲ್ಲ, ಉಳೀಲಿಲ್ಲ, ಎರಡೂ ಆಗಿಲ್ಲ ಅನ್ನೋದನ್ನ ಹ್ಯಾಡ್ ಮತ್ತೆ ವುಡ್ ಹ್ಯಾವ್ ಸೇರಿ ಹೇಳ್ತಿವೆ.

‘ಇಂದ’ ಬಗ್ಗೆ ಬೇಗ ಹೇಳ್ತೀನಿ. ‘ಹತ್ತು ವರ್ಷದಿಂದ ಇಲ್ಲೇ ಇದೀನಿ’, ನಾವು ‘ಐ ಆಮ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಅಂತೀವಿ. ಅವಾಗ ಶುರುವಾಗಿ ಈಗ್ಲೂ ಇರೋದಕ್ಕೆ ಇಂಗ್ಲಿಷಲ್ಲಿ ಹ್ಯಾವ್ ಬೇಕು, ಎಷ್ಟು ಹೊತ್ತು ಅಂತಾದ್ರೆ ಫಾರ್, ಯಾವಾಗಿಂದ ಅಂತಾದ್ರೆ ಸಿನ್ಸ್: ‘ಐ ಹ್ಯಾವ್ ಬೀನ್ ಹಿಯರ್ ಫಾರ್ ಟೆನ್ ಇಯರ್ಸ್.’ ಜೋಡಿಸೋವಾಗ ಸಿನ್ಸ್ ಆದ್ಮೇಲೆ ಬರೋ ಘಟನೆ ಸಾದಾ ಪಾಸ್ಟು, ಈ ಕಡೆ ಹ್ಯಾವ್. ‘ಸಿನ್ಸ್ ದ ಏರ್‌ಪೋರ್ಟ್ ಓಪನ್ಡ್ ಇನ್ 2023, ಐ ಹ್ಯಾವ್ ಫ್ಲೋನ್ ಓನ್ಲಿ ಒನ್ಸ್.’ ನಮ್ಮ ಶಿವಮೊಗ್ಗದ ಏರ್‌ಪೋರ್ಟು, ನಂದೇ ಲೆಕ್ಕ ಅದು, ರೈಲಲ್ಲಿ ಮಲ್ಕೊಂಡು ಹೋಗೋ ಸುಖ ಬೇರೆ.

‘ಡಿಡ್ ನಾಟ್ ವೆಂಟ್’ ಅನ್ನೋದಕ್ಕೆ ಒಂದೇ ಮಾತು. ‘ಹೋಗ್ಲಿಲ್ಲ’ ಅಂತೀವಲ್ವಾ, ಯಾವತ್ತಾದ್ರೂ ‘ಹೋದ್ಲಿಲ್ಲ’ ಅಂದಿದೀರಾ? ಕಾಲ ‘ಲಿಲ್ಲ’ದಲ್ಲಿದೆ, ‘ಹೋಗು’ ಹಂಗೇ ಇದೆ. ಅಲ್ಲೂ ಅಷ್ಟೇ, ಕಾಲ ಡಿಡ್‌ನಲ್ಲಿದೆ, ಗೋ ಹಂಗೇ ಇರ್ಬೇಕು.

ಹೋದ ವಾರ ಬಂದ ಒಂದು ಹುಡುಗನ ಲೆಟರ್ ತೋರಿಸ್ತೀನಿ, ಇದ್ರಲ್ಲಿ ಮೇಲೆ ಹೇಳಿದ್ದೆಲ್ಲ ಒಂದೇ ಕಡೆ ಸಿಗುತ್ತೆ. ಬೆಂಗಳೂರಲ್ಲಿ ಕೆಲಸ, ರಜೆ ಮುಂದುವರಿಸ್ಬೇಕಿತ್ತು, ಮ್ಯಾನೇಜರಿಗೆ ಮೇಲ್. ಅವನು ಹೇಳಿದ್ದು ಹೀಗೆ: ‘ಸೋಮವಾರ ಊರಿಗೆ ಬಂದೆ ಅಕ್ಕ. ಅಜ್ಜಿಗೆ ಹುಷಾರಿಲ್ಲ ಅಂತ ಫೋನ್ ಬಂದಿತ್ತು. ನಾನು ಬರೋಷ್ಟರಲ್ಲಿ ಮಾವ ಆಸ್ಪತ್ರೆಗೆ ಸೇರ್ಸಿದ್ರು. ನಾಲ್ಕು ದಿನದಿಂದ ಅಲ್ಲೇ ಇದಾರೆ. ಶನಿವಾರ ಕಳಿಸ್ತೀವಿ ಅಂದಿದಾರೆ ಡಾಕ್ಟ್ರು. ಮನೆಗೆ ಬಂದ್ಮೇಲೆ ನಾನು ಹೊರಡ್ತೀನಿ.’

ಮೊದಲ್ನೇದು ಮುಗಿದ ಘಟನೆ, ದಿನದ ಹೆಸರೂ ಇದೆ, ‘ಐ ಕೇಮ್ ಹೋಮ್ ಆನ್ ಮಂಡೇ’. ಎಲ್ಲ ಅಳತೆನೂ ಈ ಸೋಮವಾರದಿಂದ. ಫೋನ್ ಅದಕ್ಕಿಂತ ಮುಂಚೆ ಬಂದಿದ್ದು, ಒಳಗಿನ ‘ಹುಷಾರಿಲ್ಲ’ನೂ ಇಳೀಬೇಕು: ‘ಐ ಹ್ಯಾಡ್ ಗಾಟ್ ಅ ಕಾಲ್ ದಟ್ ಮೈ ಗ್ರಾಂಡ್‌ಮದರ್ ವಾಸ್ ಅನ್‌ವೆಲ್.’ ‘ಬರೋಷ್ಟರಲ್ಲಿ’ ಅನ್ನೋದಕ್ಕೆ ಬೈ ದ ಟೈಮ್, ಅದು ಹ್ಯಾಡ್ ಜೊತೆಗೆ ಒಳ್ಳೆ ಜೋಡಿ: ‘ಬೈ ದ ಟೈಮ್ ಐ ರೀಚ್ಡ್, ಮೈ ಅಂಕಲ್ ಹ್ಯಾಡ್ ಅಡ್ಮಿಟೆಡ್ ಹರ್.’ ಇಲ್ಲಿ ಹುಡುಗ ‘ಹ್ಯಾಡ್ ರೀಚ್ಡ್’ ಅಂತ ಹೇಳ್ದ, ಬೇಡ ಅಂದೆ, ಎರಡೂ ಕಡೆ ಹ್ಯಾಡ್ ಹಾಕಿದ್ರೆ ಯಾವ್ದು ಮೊದ್ಲು ಅಂತ ಮತ್ತೆ ಗೊತ್ತಾಗಲ್ಲ. ನಾಲ್ಕನೇದು ಇವತ್ತಿಗೆ ಬಂತು: ‘ಶಿ ಹ್ಯಾಸ್ ಬೀನ್ ಇನ್ ದ ಹಾಸ್ಪಿಟಲ್ ಫಾರ್ ಫೋರ್ ಡೇಸ್.’

ಐದನೇದಕ್ಕೆ ಇಬ್ರೂ ಸ್ವಲ್ಪ ಹೊತ್ತು ಯೋಚನೆ ಮಾಡಿದ್ವಿ. ‘ಅಂದಿದಾರೆ’, ‘ಅಂದ್ರು’ ಅಲ್ಲ. ಶನಿವಾರ ಇನ್ನೂ ಬಂದಿಲ್ಲ, ಡಾಕ್ಟ್ರ ಮಾತು ಇನ್ನೂ ಜೀವಂತ. ಅದಕ್ಕೆ ‘ದ ಡಾಕ್ಟರ್ ಹ್ಯಾಸ್ ಸೆಡ್ ದಟ್ ಶಿ ವಿಲ್ ಬಿ ಡಿಸ್ಚಾರ್ಜ್ಡ್ ಆನ್ ಸ್ಯಾಟರ್‌ಡೇ’, ಹೊರಗೆ ಹ್ಯಾಸ್ ಸೆಡ್ ಇರೋದ್ರಿಂದ ವಿಲ್ ಇಳಿಯೋದು ಬೇಡ. ಬರೀ ‘ಸೆಡ್’ ಹಾಕಿ ‘ವುಡ್’ ಅಂದಿದ್ರೂ ತಪ್ಪಾಗ್ತಿರ್ಲಿಲ್ಲ, ಆದ್ರೆ ಓದೋ ಮ್ಯಾನೇಜರಿಗೆ ‘ಹಂಗಂದಿದ್ರು, ಆದ್ರೆ ಕಳಿಸ್ಲಿಲ್ವಾ?’ ಅಂತ ಒಂದು ಅನುಮಾನ ಬರೋ ಸಾಧ್ಯತೆ ಇತ್ತು. ಕೊನೇದು ಆಫ್ಟರ್ ಮನೆ, ಒಳಗೆ ವಿಲ್ ಇಲ್ಲ: ‘ಐ ವಿಲ್ ಲೀವ್ ಆಫ್ಟರ್ ಶಿ ಕಮ್ಸ್ ಹೋಮ್.’

ಆರು ವಾಕ್ಯಕ್ಕೆ ಮುಕ್ಕಾಲು ಗಂಟೆ ಹಿಡೀತು, ಮಧ್ಯ ಎರಡು ಸಲ ಕರೆಂಟ್ ಹೋಗಿ ಬಂತು. ಹುಡುಗ ಇನ್ನೊಂದ್ಸಲ ಓದಿ ಕಳ್ಸಿದ, ಹತ್ತು ನಿಮಿಷಕ್ಕೆ ಮ್ಯಾನೇಜರ್ ರಿಪ್ಲೈ ಬಂತು, ಫೋನ್ ನನ್ನ ಮುಖದ ಹತ್ರ ಹಿಡಿದು ತೋರಿಸ್ದ. ‘ಓಕೆ, ಟೇಕ್ ಕೇರ್.’ ಅದ್ರಲ್ಲಿ ಟೆನ್ಸೇ ಇಲ್ಲ ನೋಡಿ.